ಮನೆಗೊಂದು ಕೆಮರ: ಪಿಕ್ಸೆಲ್ಲು ಎಣುಸೆಡಿ, ಕೈ ಎಣುಸಿ

"ಪೋನಿಲ್ಲೇ ಇಷ್ಟು ಲಾಯ್ಕದ ಫೊಟೊ ಬತ್ತು, ಇನ್ನು ಕೆಮರಕ್ಕೆ ಪೈಸೆ ಹಾಕುದು ಎಂತಕೆ?" ಹೇಳಿ ನಮ್ಮೋರ ಪೈಕಿ ಸುಮಾರು ಜೆನ ಕೇಳ್ತವು. ಗಿರಿನಗರಲ್ಲಿ ಎಂಗಳ ಮನೆಲಿಯೂ ಈ ಚರ್ಚೆ ಆಯಿದು. ಮನೆಲಿ ಐದು ಜೆನ, ನಾಲ್ಕು ಪೋನು. ಆದರೂ ಎನ್ನ ಅಭಿಪ್ರಾಯ ಒಂದೇ: ಮನೆಗೆ ಹೇಳಿ ಒಂದು ಸಣ್ಣ ಕೆಮರ ಬೇಕು. ಅದು ಭಾರೀ ಕ್ರಯದ್ದು ಆಯೆಕ್ಕು ಹೇಳಿ ಇಲ್ಲೆ. ಯೇವದರ ತೆಗವದು ಹೇಳುವ ಮದಲು, ಅದರ ಆರು ಹಿಡಿಗು ಹೇಳಿ ಯೋಚನೆ ಮಾಡೆಕ್ಕು, ಅಷ್ಟೆ.

ಪೋನು ಹೇಳಿರೆ ಒಬ್ಬಂದು. ಅದಕ್ಕೆ ಬೀಗ ಇದ್ದು, ಬೇಂಕಿನ ಲೆಕ್ಕವೂ ಆಪೀಸಿನ ಮೈಲೂ ಅದರೊಳವೇ ಇದ್ದು. ಅಪ್ಪನ ಪೋನಿನ ಮಾಣಿ ಮುಟ್ಳಾಗ. ಮಾಣಿಯ ಪೋನಿನ ಅಬ್ಬೆ ಮುಟ್ಟಿರೆ ಲಡಾಯಿ. ಕೆಮರ ಹಾಂಗಲ್ಲ. ಗೋಡೆಲಿಪ್ಪ ಗಡಿಯಾರದ ಹಾಂಗೆ ಅದು ಮನೆದು. ಕಪಾಟಿನ ಮೇಗೆ ಕೂದೊಂಡಿರ್ತು. ಅಜ್ಜಿಗೂ ತೆಗವಲಕ್ಕು, ಎರಡ್ನೇ ಕ್ಲಾಸಿನ ಕೂಸಿಂಗೂ ತೆಗವಲಕ್ಕು. ಆರ ಒಪ್ಪಿಗೆಯೂ ಬೇಡ.

ಇದು ಎಂತಕೆ ದೊಡ್ಡ ವಿಷಯ ಹೇಳಿ ಕೇಳುವಿ. ಎನ್ನ ಅಪ್ಪನ ಮನೆ ವಿಟ್ಲದ ಹತ್ತರೆ. ಅಲ್ಯಾಣ ಹಳೆ ಆಲ್ಬಮಿಲ್ಲಿ ಇಪ್ಪದು ಪೂರಾ ಮದುವೆ, ಉಪನಯನದ ಫೊಟೊಂಗೊ. ಫೊಟೊ ತೆಗವೋರು ಜೆಂಬರಕ್ಕೆ ಬಂದವು, ಮಂಟಪದ ಎದುರು ನಿಂದವು, ಹೋದವು. ಅಟ್ಟುಂಬೊಳ ಹೇಂಗಿದ್ದತ್ತು ಹೇಳಿ ಅವು ನೋಡಿದ್ದವಿಲ್ಲೆ. ಐವತ್ತು ವರ್ಷ ಒಲೆಯ ಎದುರು ಕೂದ ಅಜ್ಜಿಯ ಫೊಟೊ ಒಂದು ಇದ್ದು, ಅದುದೇ ಆರದ್ದೋ ಮದುವೆಲಿ ಸಾಲಿನ ಕರೇಲಿ ನಿಂದದು. ಸೌಟು ಹಿಡುದ್ದು, ಹಪ್ಪಳ ಒತ್ತಿದ್ದು, ಕಂಜಿಯ ತಲೆ ಉದ್ದಿದ್ದು ಒಂದೂ ಇಲ್ಲೆ. ಈಗ ಅಜ್ಜಿಯೂ ಇಲ್ಲೆ, ಆ ಒಲೆಯೂ ಇಲ್ಲೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶ ವಿದೇಶದ ಪತ್ರಿಕೆಗೊಕ್ಕೆ ಫೊಟೊ ತೆಗದೋರು, 1977ರಲ್ಲಿ ಪದ್ಮಶ್ರೀ ಸಿಕ್ಕಿದೋರು. ದೊಡ್ಡ ದೊಡ್ಡ ಜೆನಂಗಳ ಫೊಟೊವನ್ನೂ ತೆಗದ್ದವು. ಆದರೆ ಜೆನ ಅವರ ನೆಂಪು ಮಡಿಕ್ಕೊಂಡದು ಸಾಮಾನ್ಯ ಜೆನರ, ಮಕ್ಕಳ, ದಿನನಿತ್ಯದ ಬದುಕಿನ ಚಿತ್ರಂಗೊಕ್ಕೆ. ನವಗೆ ಸತ್ಯನ್ ಅಪ್ಪಲೆ ಎಡಿಯ, ಆದರೆ ನಮ್ಮ ಮನೆಯ ದಿನನಿತ್ಯವ ನಾವೇ ತೆಗೆಯದ್ರೆ ಬೇರೆ ಆರು ತೆಗಗು?

ಸರಿ, ಅಂಬಗ ಯೇವ ಕೆಮರ?

ಮದಾಲು ಮೆಗಾಪಿಕ್ಸೆಲ್ಲಿನ ಮರುಳು ಬಿಡಿ. ಪ್ರಪಂಚದ ಮದಲಾಣ ಡಿಜಿಟಲ್ ಕೆಮರವ 1975ರಲ್ಲಿ ಕೊಡಾಕ್ ಕಂಪೆನಿಯ ಸ್ಟೀವ್ ಸ್ಯಾಸನ್ ಹೇಳುವ ಇಂಜಿನಿಯರು ಮಾಡಿದ್ದು. ಅದರಲ್ಲಿ ಇದ್ದದು 0.01 ಮೆಗಾಪಿಕ್ಸೆಲ್ಲು, ಒಂದು ಫೊಟೊ ಕೇಸೆಟ್ಟಿಂಗೆ ಏರುಲೆ 23 ಸೆಕೆಂಡು ಬೇಕಾತು. ಅಲ್ಲಿಂದ ನಾವು ಸುಮಾರು ದೂರ ಬಂದಾತು. ಆಲ್ಬಮಿಂಗೆ ಹಾಕುವ 4 ಇಂಚು 6 ಇಂಚಿನ ಫೊಟೊ ಇದ್ದನ್ನೆ, ಅದರ ಇಂಚಿಂಗೆ 300 ಚುಕ್ಕಿಯ ಲೆಕ್ಕಲ್ಲಿ ಚೆಂದಕ್ಕೆ ಪ್ರಿಂಟು ಮಾಡ್ಲೆ 1200 ಗುಣಿಸು 1800, ಹೇಳಿರೆ ಬರೀ 2.16 ಮೆಗಾಪಿಕ್ಸೆಲ್ಲು ಸಾಕು. ಗೋಡೆಗೆ ನೇಲುಸುವ 8 ಇಂಚು 12 ಇಂಚಿನದಕ್ಕೆ 9ಕ್ಕೂ ರಜ ಕಮ್ಮಿ. ಹತ್ತು ವರ್ಷದ ಹಿಂದಾಣ ಸಣ್ಣ ಕೆಮರಲ್ಲಿಯೂ ಅದಕ್ಕಿಂತ ಹೆಚ್ಚಿಗೆ ಇದ್ದು. ಆನ್‌ಲೈನಿಲ್ಲಿ ಎರಡು ಮೂರು ಸಾವಿರಕ್ಕೆ "48 ಮೆಗಾಪಿಕ್ಸೆಲ್" ಹೇಳಿ ಬರಕ್ಕೊಂಡು ಬಪ್ಪ ಹೆಸರಿಲ್ಲದ್ದ ಕೆಮರಂಗಳ ಕಂಡು ಮೋಸ ಹೋಗೆಡಿ. ಸಣ್ಣ ಚಿತ್ರವ ಎಳದು ದೊಡ್ಡ ಮಾಡಿ ಆ ಸಂಖ್ಯೆ ತಪ್ಪದು ಹೆಚ್ಚು.

ಎರಡ್ನೇದು ಝೂಮು. ಪೆಟ್ಟಿಗೆ ಮೇಗೆ ಎರಡು ಸಂಖ್ಯೆ ಇರ್ತು. ಆಪ್ಟಿಕಲ್ ಹೇಳಿರೆ ಲೆನ್ಸೇ ಮುಂದೆ ಹಿಂದೆ ಹೋಗಿ ಹತ್ತರೆ ತಪ್ಪದು. ಡಿಜಿಟಲ್ ಹೇಳಿರೆ ಚಿತ್ರದ ನೆಡುವಾಣ ತುಂಡಿನ ಎಳದು ದೊಡ್ಡ ಮಾಡುದು. ಆಪ್ಟಿಕಲ್ ಮಾಂತ್ರ ಲೆಕ್ಕಕ್ಕೆ ಹಿಡೀರಿ. ಮನೆಗೆ ನಾಲ್ಕೈದು ಪಟ್ಟು ಧಾರಾಳ ಸಾಕು.

ಮೂರ್ನೇದು ಬೆಣಚ್ಚು. ಲೆನ್ಸಿನ ಸುತ್ತ "ಎಫ್" ಸಂಖ್ಯೆ ಬರದಿರ್ತು. ಅದು ಸಣ್ಣ ಆದಷ್ಟೂ ಒಳ್ಳೆದು: 2 ಇಪ್ಪ ಲೆನ್ಸು 2.8 ಇಪ್ಪದಕ್ಕಿಂತ ಎರಡು ಪಟ್ಟು ಬೆಣಚ್ಚು ಒಳ ಬಿಡ್ತು. ಇಲ್ಲಿ ಒಂದು ಸತ್ಯ ಹೇಳೆಕ್ಕು. ತುಂಬ ಕಸ್ತಲೆಲಿ ಸಣ್ಣ ಕೆಮರಂದ ಈಗಾಣ ಒಳ್ಳೆ ಪೋನೇ ಮೇಲು. ಪೋನು ಒಂದರ ಹಿಂದೆ ಒಂದು ಹಲವು ಚಿತ್ರ ತೆಗದು, ಅದರ ಸೇರುಸಿ ಒಂದು ಮಾಡಿ ಕೊಡ್ತು. ಕಾರ್ತಿಕದ ಅಕೇರಿ ಸೋಮವಾರ ಬಸವನಗುಡಿಯ ಕಡ್ಲೆಕಾಯಿ ಪರಿಷೆಗೆ ಇರುಳು ಹೋದರೆ ಪೋನಿಲ್ಲೇ ತೆಗೆಯಿರಿ. ಹೊತ್ತೋಪಗ ಬೆಣಚ್ಚಿಪ್ಪಗ ಹೋದರೆ ಸಣ್ಣ ಕೆಮರವ ಮಕ್ಕಳ ಕೈಲಿ ಕೊಟ್ಟು ನೋಡಿ. ಕಡ್ಲೆ ರಾಶಿಂದ ಹೆಚ್ಚಿಗೆ ಮಾರುವೋರ ಮೋರೆ ತೆಗಕ್ಕೊಂಡು ಬತ್ತವು.

ನಾಲ್ಕ್ನೇದೇ ಎನಗೆ ಮುಖ್ಯ: ಕೈ. ಎಂಗಳ ಅತ್ತೆಗೆ ಎಪ್ಪತ್ತು ಕಳುದ್ದು, ಬೆರಳು ರಜ ನಡುಗುತ್ತು. ಪೋನಿಲ್ಲಿ ಅವು ಫೊಟೊ ತೆಗವಲೆ ಒಪ್ಪುತ್ತವಿಲ್ಲೆ. "ಇದಾ ಕೂಸೇ, ಗಾಜು ಒತ್ತಿರೆ ಒತ್ತಿತ್ತೋ ಇಲ್ಲೆಯೋ ಗೊಂತಾವುತ್ತಿಲ್ಲೆ. ಬಟನು ಆದರೆ ಬೆರಳಿಂಗೆ ಗೊಂತಾವುತ್ತು" ಹೇಳ್ತವು. ಇದರ ಯೇವ ಅಂಗಡಿಯೋನೂ ಹೇಳ°. ಹಾಂಗಾಗಿ ಅಂಗಡಿಗೆ ಹೋಪಗ ಮನೆಯ ಹೆರಿಯೋರ ಕರಕ್ಕೊಂಡು ಹೋಗಿ. ಹಿಡುದರೆ ಜಾರುತ್ತೋ, ಬಟನು ಕೈಗೆ ಸಿಕ್ಕುತ್ತೋ, ಪರದೆಲಿ ಕಾಣ್ತೋ, ಅವ್ವೇ ನೋಡಲಿ.

ಮಾಣಿಯಂಗೊ ಡಿ.ಎಸ್.ಎಲ್.ಆರ್. ಬೇಕು ಹೇಳ್ತವು. ಫೊಟೊಗ್ರಫಿ ಕಲಿಯೆಕ್ಕು ಹೇಳಿ ಆಶೆ ಇಪ್ಪೋರಿಂಗೆ ಅದು ಅಪ್ಪು, ತೆಗದು ಕೊಡಿ. ಆದರೆ ಅದರ ಮನೆ ಕೆಮರ ಹೇಳಿ ಹೇಳೆಡಿ. ಅದಕ್ಕೊಂದು ಬೇಗು, ಎರಡು ಲೆನ್ಸು, "ಮುಟ್ಟೆಡಿ, ಹಾಳಕ್ಕು" ಹೇಳುವ ಮಾತು. ಒಬ್ಬ° ಮಾಂತ್ರ ಮುಟ್ಟುವ ಕೆಮರಲ್ಲಿ ಆ ಒಬ್ಬನ ಫೊಟೊವೇ ಇರ್ತಿಲ್ಲೆ, ಗಮನಿಸಿದ್ದಿರೋ?

ಇನ್ನು ಪೈಸೆಯ ವಿಷಯ. ಸಣ್ಣ ಕೆಮರಂಗೊ ಅಂಗಡಿಲಿ ಕಮ್ಮಿ ಆಯಿದು. ಜಪಾನಿನ ಕೆಮರ ಕಂಪೆನಿಗಳ ಸಂಘದ ಲೆಕ್ಕಲ್ಲಿ 2010ರಲ್ಲಿ ಪ್ರಪಂಚಕ್ಕೆ ಹೋದ ಡಿಜಿಟಲ್ ಕೆಮರಂಗೊ 12 ಕೋಟಿಂದ ಮೇಗೆ. 2023ರಲ್ಲಿ 80 ಲಕ್ಷವೂ ಇಲ್ಲೆ. ಹೊಸತ್ತು ಕಮ್ಮಿ ಆದರೂ ಆ ಕೋಟಿಗಟ್ಳೆ ಹಳತ್ತು ಎಲ್ಲಿಗೂ ಹೋಯಿದಿಲ್ಲೆ, ಕಪಾಟಿಲ್ಲಿ ಒರಗಿಂಡಿದ್ದು. ಹಾಂಗಾಗಿ ಮದಾಲು ನೆಂಟರತ್ತರೆ ಕೇಳಿ. ಮತ್ತೆ ಸೆಕೆಂಡ್ ಹೇಂಡು ನೋಡಿ. ಹೊಸತ್ತು ಅಕೇರಿಗೆ.

ಹಳತ್ತು ತೆಗವಗ ಮೂರು ಪರೀಕ್ಷೆ ಮಾಡಿ. ಒಂದು, ಕಾರ್ಡು: ಕೆಲವು ಹಳೆ ಒಲಿಂಪಸ್, ಫ್ಯೂಜಿ ಕೆಮರಂಗೊಕ್ಕೆ ಎಕ್ಸ್‌ಡಿ ಕಾರ್ಡೇ ಆಯೆಕ್ಕು, 2010ರಿಂದ ಮದಲಾಣ ಸೋನಿಗೊಕ್ಕೆ ಮೆಮೊರಿ ಸ್ಟಿಕ್ಕು. ಈಗ ಅದರ ಹುಡುಕ್ಕುದೇ ಕಷ್ಟ. ಎಸ್‌ಡಿ ಕಾರ್ಡು ಹಿಡಿವದನ್ನೇ ತೆಗೆಯಿರಿ. ಎರಡು, ಬೇಟರಿ: ಅದೇ ನಮೂನೆದು ಇನ್ನೊಂದು ಸಿಕ್ಕುತ್ತೋ ನೋಡಿ. ಸಾದಾ ಪೆನ್ಸಿಲ್ ಸೆಲ್ಲು ಹಾಕುವ ಕೆಮರ ಆದರೆ ಸೀತಾ ಸರ್ಕಲಿನ ಹತ್ತರಾಣ ದಿನಸಿ ಅಂಗಡಿಲಿಯೂ ಸಿಕ್ಕುಗು, ವಿಟ್ಲ ಪೇಟೆಲಿಯೂ ಸಿಕ್ಕುಗು. ಮೂರು, ಬೂಷ್ಟು: ಲೆನ್ಸಿನ ಒಳಂಗೆ ಟಾರ್ಚು ಹಾಕಿ ನೋಡಿ. ಜೇಡನ ಬಲೆಯ ಹಾಂಗೆ ಕಂಡರೆ ಬೇಡ. ನಮ್ಮ ಊರ ಮಳೆಗಾಲಲ್ಲಿ ಅದು ಬೆಳವದು ಬೇಗ. ಊರಿಂಗೆ ತೆಕ್ಕೊಂಡು ಹೋದರೆ ಗಾಳಿ ಹೋಗದ್ದ ಡಬ್ಬಿಲಿ, ತೇವ ಎಳವ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿ ಮಡಗಿ.

ಹತ್ತು ಸಾವಿರ ಇದ್ದರೆ ಹತ್ತನ್ನೂ ಕೆಮರಕ್ಕೆ ಸೊರುಗೆಡಿ. ಏಳರ ಒಳ ಕೆಮರ ಮುಗುಶಿ. ಒಳುದ್ದರಲ್ಲಿ ಒಂದು ಬೇಟರಿ, ಒಂದು ಕಾರ್ಡು, ಮತ್ತೆ ಪ್ರಿಂಟು. ದೀಪಾವಳಿಂದ ದೀಪಾವಳಿಗೆ ಫೊಟೊಂಗಳ ಎರಡು ಜಾಗೆಲಿ ಕೋಪಿ ಮಾಡಿ, ಐವತ್ತರ ಆಯ್ದು ಪ್ರಿಂಟು ಹಾಕುಸಿ, ಆಲ್ಬಮಿನ ಹಾಳೆಲಿ ಹೆಸರು ತಾರೀಕು ಬರದು ಮಡಗಿ. ಪೋನಿಲ್ಲಿಪ್ಪ ಇಪ್ಪತ್ತು ಸಾವಿರ ಫೊಟೊವ ಆರೂ ನೋಡ್ತವಿಲ್ಲೆ. ಆಲ್ಬಮಿಲ್ಲಿಪ್ಪ ಐವತ್ತರ ಬಂದ ನೆಂಟರೆಲ್ಲ ನೋಡ್ತವು.

ನಿಂಗಳ ಮನೆಲಿ ಹೇಂಗೆ? ಕೆಮರ ಇದ್ದರೆ, ಅದರ ಹಿಡಿವದು ಆರು? ಫೊಟೊಲ್ಲಿ ಯೇವಗಳೂ ಕಾಣದ್ದ ಒಬ್ಬ ಇಕ್ಕು. ಈ ವಾರ ಕೆಮರವ ಬೇರೆಯೋರ ಕೈಗೆ ಕೊಡಿ.