ತಪ್ಪುಗಳ ಲೆಕ್ಕ, ಒಪ್ಪುಗಳ ಲೆಕ್ಕ

ಲೋಹಾರಾ, ಉಮರಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳಲ್ಲಿ ಒಂದು ಮಾತು ರೂಢಿಯಾಗಿಬಿಟ್ಟಿದೆ: "ನಮ್ಮದೇನ್ ಕನ್ನಡರೀ, ಅರ್ಧಾ ಮರಾಠಿ." ದೂರದ ನೆಂಟರು ಬಂದಾಗ ಇದನ್ನು ನಾವೇ ಮೊದಲು ಆಡಿಬಿಡುತ್ತೇವೆ. ಅನ್ಯರು ಎತ್ತಿ ತೋರುವ ಮುನ್ನ ಕೊರತೆಯನ್ನು ನಾವೇ ಹೇಳಿಕೊಂಡರೆ ನಾಚಿಕೆ ಕಡಿಮೆಯಾದೀತೆಂಬ ಎಣಿಕೆ ಅದರ ಹಿಂದಿದೆ. ನೋಡುವುದಕ್ಕೆ ಇದು ವಿನಯವೇ. ಆದರೆ ಅದರ ಬೆಲೆ ತೆರುವವರು ಪಕ್ಕದಲ್ಲಿ ಕುಳಿತು ಕೇಳುತ್ತಿರುವ ಮಕ್ಕಳು. ಹಿರಿಯರೇ ನಾಚಿಕೊಳ್ಳುವ ಮಾತನ್ನು ಯಾವ ಮಗು ತಾನೇ ಪ್ರೀತಿಯಿಂದ ಆಡೀತು?

ಆತ್ಮವಿಮರ್ಶೆ ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ. ತಿದ್ದಿಕೊಳ್ಳುವುದಕ್ಕಾಗಿ ಮಾಡುವ ವಿಮರ್ಶೆ ಕೈಗೆ ಕೆಲಸ ಕೊಡುತ್ತದೆ. ಬರಿಯ ಹಳಿದುಕೊಳ್ಳುವಿಕೆಯಾದರೋ ಬಾಯಿಯನ್ನೇ ಮುಚ್ಚಿಸುತ್ತದೆ. ತಪ್ಪಾಗಿ ಆಡಿದ ಮಾತು ನಾಳೆ ತಿದ್ದೀತು. ಆಡದೆ ಬಿಟ್ಟ ಮಾತು ಮರೆತೇ ಹೋದೀತು.

ನಮ್ಮ ಮಾತು ಹೀಗಾದುದಕ್ಕೆ ಚರಿತ್ರೆಯ ಕಾರಣಗಳುಂಟು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಎಷ್ಟೋ ಮನೆಗಳಲ್ಲಿ ಅಜ್ಜ ಉರ್ದುವಿನಲ್ಲಿ ಓದಿದ, ಮಗ ಮರಾಠಿಯಲ್ಲಿ ಓದಿದ, ಮೊಮ್ಮಗಳು ಇಂಗ್ಲಿಷಿನಲ್ಲಿ ಓದುತ್ತಿದ್ದಾಳೆ. ಇಷ್ಟಾಗಿಯೂ ಅಡುಗೆಮನೆಯಲ್ಲಿ ಕನ್ನಡ ಉಳಿದಿರುವುದು ನಮ್ಮ ಅವ್ವ, ಅಜ್ಜಿಯರ ಸಾಧನೆಯೆಂದೇ ಎಣಿಸಬೇಕು.

ಇನ್ನು ಬೆರಕೆಯ ಮಾತು. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿಯೂ ಕನ್ನಡ, ಮರಾಠಿ, ಉರ್ದು ಭಾಷಿಕರು ಶತಮಾನಗಳಿಂದ ನೆರೆಹೊರೆಯಾಗಿದ್ದಾರೆ. ಆ ಊರಿನ ಮಾತನ್ನು ಅಭ್ಯಾಸ ಮಾಡಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಭಾಷಾವಿಜ್ಞಾನಿಗಳು 1971ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಅಲ್ಲಿ ಮೂರೂ ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಅಚ್ಚಿಗೆ ಬಂದಿದ್ದರೂ ಮನೆಮನೆಯ ಭಾಷೆ ಮಾತ್ರ ಬೇರೆಬೇರೆಯಾಗಿಯೇ ಉಳಿದುಬಂದಿತ್ತು. ಒಂದೇ ಬಾವಿ, ಒಂದೇ ಸಂತೆಯನ್ನು ಹಂಚಿಕೊಂಡವರ ಮಾತು ಹೀಗೆ ಹೊಂದಿಕೊಳ್ಳುವುದು ಸಹಜ. ಮರಾಠಿ ಮನೆಮಾತಿನ ದ. ರಾ. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿಯೇ ಕವಿತೆ ಕಟ್ಟಿ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದುದನ್ನೂ ನೆನೆಯಬಹುದು.

ಅದಕ್ಕೂ ಬಹು ಹಿಂದೆ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡವು ಹಲವು ಬಗೆಯೆಂದು ಒಪ್ಪಿಕೊಂಡಿದೆ. ನಾಡಿನ ನುಡಿಗಳು ಬೇರೆಬೇರೆಯಾಗಿರುವುದರಿಂದ ಅವುಗಳಲ್ಲಿನ ದೋಷ ಇಷ್ಟೇ ಎಂದು ಎಣಿಸಹೊರಟರೆ ಸಾವಿರ ಹೆಡೆಯ ವಾಸುಕಿಯೂ ಬೇಸರಗೊಂಡಾನೆಂಬುದು ಅದರ ಅಭಿಪ್ರಾಯ. ಆ ಗ್ರಂಥ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅವನ ವಂಶದವರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು. ಅದನ್ನು ಇಂದಿನ ಲಾತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ನಿಲಂಗಾ, ಉದಗೀರಗಳಿರುವುದು ಆ ಲಾತೂರಿನ ಜಿಲ್ಲೆಯಲ್ಲಿಯೇ. ವಾಸುಕಿಗೇ ಬೇಸರ ತರುವ ಎಣಿಕೆಯ ಕೆಲಸವನ್ನು ನಾವೇಕೆ ದಿನವೂ ಹೊತ್ತುಕೊಳ್ಳಬೇಕು?

ಹಾಗೆಂದು ತಿದ್ದುವುದನ್ನೇ ಬಿಡಬೇಕೆಂದಲ್ಲ. "ಶೇತಕ್ಕ ಹೋಗ್ತೀನಿ" ಎಂದು ಮಗಳು ಹೇಳಿದರೆ ನಗದೆ, ಗದರದೆ, "ಹೌದವ್ವ, ಹೊಲಕ್ಕ ಹೋಗಿ ಬಾ" ಎಂದರಾಯಿತು. ಸರಿಯಾದ ಶಬ್ದ ಕಿವಿಗೆ ಬಿದ್ದಿತು, ಮನಸ್ಸು ನೋಯಲಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ ಅಂದಿನ ತಪ್ಪುಗಳನ್ನು ಎಣಿಸುವುದಕ್ಕಿಂತ ಅಂದು ಬಳಕೆಗೆ ಬಂದ ಶಬ್ದಗಳನ್ನು ಎಣಿಸೋಣ: ತೊಗರಿ, ಉದ್ದು, ಕಡಲೆ, ರಾಶಿ, ಕಣ, ಮೇವು. ಲೆಕ್ಕ ನಾವು ಅಂಜಿದ್ದಕ್ಕಿಂತ ದೊಡ್ಡದಾಗಿಯೇ ಇರುತ್ತದೆ.

ಒಂದು ಕೊರತೆ ಮಾತ್ರ ನಿಜವಾದುದು, ಅದನ್ನು ಮುಚ್ಚಿಡಲಾಗದು: ಮಾತು ಬಲ್ಲ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಲಿಪಿ ಬಾರದು. ಇಲ್ಲಿಯೂ ಕೊರಗಿಗಿಂತ ಕೆಲಸ ಲೇಸು. ಮರಾಠಿ ಶಾಲೆಯ ಮಗು ಅ, ಆ, ಇ, ಈ ಎಂಬ ಸರಣಿಯನ್ನೂ ಕ, ಖ, ಗ, ಘ ಎಂಬ ವರ್ಗವನ್ನೂ ಆಗಲೇ ಬಲ್ಲದು. 'ಳ'ಕಾರವೂ ಅದಕ್ಕೆ ಪರಿಚಿತವೇ. ಎ ಮತ್ತು ಏ, ಒ ಮತ್ತು ಓ ಇವುಗಳ ಹ್ರಸ್ವ ದೀರ್ಘ ಭೇದವನ್ನು ಹೊಸದಾಗಿ ತಿಳಿಸಬೇಕು; ಉಳಿದದ್ದು ಬಹುಪಾಲು ಅಕ್ಷರದ ಆಕಾರದ ಪರಿಚಯ. ಹೀಗೆ, ನಮ್ಮ ಕನ್ನಡವನ್ನು ಕೆಡಿಸಿತೆಂದು ನಾವು ದೂರುವ ಮರಾಠಿಯೇ ಇಲ್ಲಿ ಅರ್ಧ ದಾರಿ ನಡೆಸಿಕೊಟ್ಟಿದೆ.

ವರ್ಣಮಾಲೆಯ ಅಕ್ಷರಗಳು 49. ದಿನಕ್ಕೊಂದರಂತೆ ಕಲಿಸಿದರೂ ಎರಡು ತಿಂಗಳೊಳಗೆ ಮುಗಿಯುತ್ತವೆ. ಆಮೇಲೆ ಕಾಗುಣಿತ, ಒತ್ತಕ್ಷರ. ಮುಂದಿನ ಸಂಚಿಕೆ ಕೈಸೇರುವ ಹೊತ್ತಿಗೆ ಮನೆಯ ಮಗು ಈ ಪುಟದಲ್ಲಿ 30 ಅಕ್ಷರಗಳನ್ನು ಬೆರಳಿಟ್ಟು ಗುರುತಿಸುವಂತಾದರೆ ಅದೊಂದು ತಿಂಗಳಿಗೆ ಸಾಕಷ್ಟು ಕೆಲಸ.