ಹಸಿವಿಗೆ ವಾಯಿದೆಯಿಲ್ಲ

ಬೆಳ್ತಂಗಡಿಯಿಂದ ಉಜಿರೆಗೆ ಹೋಗುವ ಹಾದಿಯಲ್ಲಿ ಪೇಟೆ ಮುಗಿಯಿತೆನ್ನುವಷ್ಟರಲ್ಲಿ ಲಾಯಿಲ ತೊಡಗುತ್ತದೆ. ಚಾರ್ಮಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಧಾವಿಸುವ ಲಾರಿಗಳೂ, ಧರ್ಮಸ್ಥಳದ ಯಾತ್ರಿಕರ ಬಸ್ಸುಗಳೂ, ಕೊಡೆ ಹಿಡಿದು ಶಾಲೆಗೆ ಹೋಗುವ ಮಕ್ಕಳೂ ಈ ಒಂದೇ ದಾರಿಯನ್ನು ಹಂಚಿಕೊಳ್ಳಬೇಕು. ಹಂಚಿಕೆಯಲ್ಲಿ ಕಾಲ್ನಡೆಯವನ ಪಾಲು ಯಾವಾಗಲೂ ಕಡಮೆ.

2024ರ ಮಳೆಗಾಲದ ಒಂದು ಸಂಜೆ ನನ್ನ ನೆರೆಯವನೊಬ್ಬನಿಗೆ ಇಲ್ಲಿ ಕಾರೊಂದು ಬಡಿಯಿತು. ಅಡಕೆ ಮರವೇರಿ ಕೊನೆ ಕೊಯ್ಯುವುದು ಅವನ ಕಸುಬು. ಮುರಿದದ್ದು ತೊಡೆಯ ಎಲುಬು. ಹೆಂಡತಿ ಬೀಡಿ ಕಟ್ಟುತ್ತಾಳೆ. ವಾಹನಕ್ಕೆ ವಿಮೆಯಿತ್ತು, ಪೋಲೀಸರು ಮೊಕದ್ದಮೆ ದಾಖಲಿಸಿದ್ದರು, ವಕೀಲರು ಅರ್ಜಿ ಹಾಕಿದರು. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಅರ್ಜಿ ಹಾಕಿದ ದಿನಕ್ಕೂ ಹಣ ಕೈಸೇರುವ ದಿನಕ್ಕೂ ನಡುವೆ ಆ ಮನೆಯವರು ಉಣ್ಣಬೇಕಷ್ಟೆ? ಮೊದಲು ಬಳೆ ಅಡವಿಗೆ ಹೋಯಿತು, ಆಮೇಲೆ ಸರ. ವರ್ಷ ಕಳೆದ ಮೇಲೆ ರಾಜಿಯ ಮಾತು ಬಂತು. ಕೇಳಿದ್ದರ ಮೂರರಲ್ಲೊಂದು ಪಾಲೂ ಅಲ್ಲದ ಮೊತ್ತ. “ಬೇಡ, ಇನ್ನು ಸ್ವಲ್ಪ ಕಾಯಿ” ಎಂದೆ. “ನೀವು ಹೇಳುವುದು ಸರಿ ಮಾಸ್ಟ್ರೇ, ಆದರೆ ಅಂಗಡಿಯವರು ಕಾಯಬೇಕಲ್ಲ?” ಎಂದು ಆತ ಸಹಿ ಹಾಕಿದ. ನನ್ನಲ್ಲಿ ಉತ್ತರವಿರಲಿಲ್ಲ.

ವಿಳಂಬವೆಂದರೆ ನ್ಯಾಯ ತಡವಾಗಿ ದೊರೆಯುವುದು ಎಂದಷ್ಟೇ ನಾವು ತಿಳಿದಿದ್ದೇವೆ. ವಿಳಂಬವು ನ್ಯಾಯದ ಬೆಲೆಯನ್ನೇ ಇಳಿಸುತ್ತದೆ ಎಂಬುದು ಅಂದು ನನಗೆ ಮನವರಿಕೆಯಾಯಿತು. ಕಾಯಬಲ್ಲವನು ಒಂದು ಕಡೆ, ಕಾಯಲಾರದವನು ಇನ್ನೊಂದು ಕಡೆ ಕುಳಿತರೆ ಅದು ರಾಜಿಯಲ್ಲ, ಸಂತೆಯ ಕೊನೆಗಳಿಗೆಯ ವ್ಯಾಪಾರ. ಇದಕ್ಕಿರುವ ಔಷಧ ಒಂದೇ: ಅಂತಿಮ ತೀರ್ಪಿಗೆ ಮೊದಲೇ, ಅದರ ಲೆಕ್ಕದಲ್ಲೇ, ಒಂದಿಷ್ಟು ಹಣವನ್ನು ಗಾಯಾಳುವಿನ ಕೈಗೆ ಕೊಡುವುದು. ಇಂಗ್ಲೆಂಡಿನವರು 1969ರ ಒಂದು ಶಾಸನದಿಂದ ಈ ಅಧಿಕಾರವನ್ನು ತಮ್ಮ ನ್ಯಾಯಾಲಯಗಳಿಗೆ ಕೊಟ್ಟರು.

ನಮ್ಮಲ್ಲೂ ಇದು ಇತ್ತು. ‘ಇತ್ತು’ ಎಂಬ ಭೂತಕಾಲವನ್ನು ವಾಚಕರು ಗಮನಿಸಬೇಕು. ಚಾಲಕನ ತಪ್ಪನ್ನು ಸಾಧಿಸದೆ ಪರಿಹಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತ್ತು. ಆ ಬಳಿಕ ಸಂಸತ್ತು 1939ರ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ತಂದು, ತಪ್ಪು ಯಾರದೇ ಇರಲಿ, ಮರಣಕ್ಕೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡತಕ್ಕದ್ದೆಂದು ವಿಧಿಸಿತು. 1982ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. 1988ರ ಹೊಸ ಕಾಯಿದೆ ಇದನ್ನು 140ನೆಯ ಕಲಮಾಗಿ ಉಳಿಸಿಕೊಂಡಿತು. 1994ರಲ್ಲಿ ಮೊತ್ತಗಳು 50,000ಕ್ಕೂ 25,000ಕ್ಕೂ ಏರಿದವು. ಮೊತ್ತ ಸಣ್ಣದು ನಿಜ. ಆದರೆ ಈ ಬೇಡಿಕೆಯನ್ನು ಮೊದಲು ತೀರ್ಮಾನಿಸಬೇಕು, ದೊಡ್ಡ ಬೇಡಿಕೆಯ ವಿಚಾರಣೆ ಅದರ ಪಾಡಿಗೆ ಮುಂದುವರಿಯಬೇಕು ಎಂಬ ವ್ಯವಸ್ಥೆಯಲ್ಲಿ ದೊಡ್ಡ ವಿವೇಕವಿತ್ತು. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರೊಂದು ಲಾರಿಗೆ ತಾಗಿ ಉರುಳಿ, ಕೆಲ ಹೊತ್ತಿನ ಮೇಲೆ ಸಿಡಿದು, ಸುತ್ತ ನೆರೆದವರನ್ನು ಸುಟ್ಟಿತು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಹೇಳಿದ್ದೂ ಇದನ್ನೇ: ಈ ಹಣ ಮಧ್ಯಂತರ ತೀರ್ಪಿನ ಸ್ವರೂಪದ್ದು, ತಡಮಾಡಿದರೆ ಅದರ ಉದ್ದೇಶವೇ ಕೆಡುತ್ತದೆ.

2019ರ ತಿದ್ದುಪಡಿ ಆ ಅಧ್ಯಾಯವನ್ನೇ ತೆಗೆದುಹಾಕಿತು. 2022ರ ಏಪ್ರಿಲ್ 1ರಿಂದ ಅದು ಇಲ್ಲ. ಬದಲಿಗೆ ಬಂದ 164ನೆಯ ಕಲಮು ನೋಟಕ್ಕೆ ಬಹಳ ಉದಾರವಾಗಿದೆ: ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಇಲ್ಲೂ ತಪ್ಪನ್ನು ಸಾಧಿಸಬೇಕಾಗಿಲ್ಲ. ಆದರೆ ವಿಮಾ ಕಂಪೆನಿಯ ಅಧಿಕಾರಿ ಮುಂದಿಡುವ ರಾಜಿಯ ಕ್ರಮದಲ್ಲಿ ಆ ಹಣವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ಅಲ್ಲಿಗೇ ಕೊನೆಗೊಳ್ಳುತ್ತದೆ. ಹಿಂದಿನ 25,000 ಕೈಗೆ ಬಂದರೂ ಬಾಗಿಲು ತೆರೆದೇ ಇರುತ್ತಿತ್ತು. ಈಗಿನ ಎರಡೂವರೆ ಲಕ್ಷವನ್ನು ಹಾಗೆ ತೆಗೆದುಕೊಂಡರೆ ಬಾಗಿಲು ಮುಚ್ಚಿತು. ಮೊತ್ತ ಹತ್ತು ಪಟ್ಟಾಯಿತು, ಗುಣ ಬದಲಾಯಿತು. ಅದು ಮುಂಗಡವಾಗಿತ್ತು, ಇದು ಬಿಡುಗಡೆ ಪತ್ರ. ಕಾಲು ಎಷ್ಟು ಕೂಡೀತೆಂದು ವೈದ್ಯರಿಗೇ ತಿಳಿಯದ ದಿನಗಳಲ್ಲಿ ಬಡವನು ತನ್ನ ಮುಂದಿನ ಇಪ್ಪತ್ತು ವರ್ಷಗಳ ದುಡಿಮೆಗೆ ಬೆಲೆ ಕಟ್ಟಿ ಮುಗಿಸಬೇಕು.

ಮಧ್ಯಂತರ ನೆರವಿನ ಮಾತು ಹೊಸ ಕಾಯಿದೆಯಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 164ಎ ಎಂಬ ಕಲಮು ಉಂಟು. ಕೇಂದ್ರ ಸರಕಾರ ಅದಕ್ಕಾಗಿ ಯೋಜನೆಗಳನ್ನು ‘ಮಾಡಬಹುದು’ ಎಂದು ಅದು ಹೇಳುತ್ತದೆ. ವ್ಯಾಕರಣ ಕಲಿಸಿದವನಿಗೆ ‘ಮಾಡಬಹುದು’ ಮತ್ತು ‘ಮಾಡತಕ್ಕದ್ದು’ ಇವುಗಳ ಅಂತರವನ್ನು ಯಾರೂ ತಿಳಿಸಿಕೊಡಬೇಕಾಗಿಲ್ಲ. 2022ರ ನಿಯಮಗಳಂತೆ ಪೋಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳಲ್ಲಿ, ಮಧ್ಯಂತರ ವರದಿಯನ್ನು 50 ದಿನಗಳಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ನ್ಯಾಯಮಂಡಳಿಗೆ ಸಲ್ಲಿಸಬೇಕು. ಮಧ್ಯಂತರ ವರದಿಗೆ ದಿನ ಗೊತ್ತುಮಾಡಿದವರು ಮಧ್ಯಂತರ ಗಂಜಿಗೂ ಒಂದು ದಿನವನ್ನು ಗೊತ್ತುಮಾಡಬಾರದಿತ್ತೇ? 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ಬಂತು. ಅಪಘಾತವಾದಂದಿನಿಂದ 7 ದಿನಗಳವರೆಗೆ ಒಂದೂವರೆ ಲಕ್ಷದ ಮಿತಿಯಲ್ಲಿ ಆಸ್ಪತ್ರೆಯ ವೆಚ್ಚಕ್ಕೆ ಅದು ಒದಗುತ್ತದೆ. ಒಳ್ಳೆಯದೇ ಆಯಿತು, ಜೀವ ಉಳಿದೀತು. ಎಂಟನೆಯ ದಿನ ಮನೆಗೆ ಬಂದವನ ಪಾಡೇನು?

ಇದೇ ಜಿಲ್ಲೆಯ ಇನ್ನೊಂದು ದುರಂತವನ್ನು ಇಲ್ಲಿ ನೆನೆಯಬೇಕು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜಪೆಯಲ್ಲಿ ಕಣಿವೆಗುರುಳಿ 158 ಮಂದಿ ಸತ್ತರು. ಬದುಕುಳಿದವರು ಎಂಟೇ ಜನ. ವಿಮಾನ ಕಂಪೆನಿ ಮಧ್ಯಂತರ ಪರಿಹಾರವನ್ನು ಸಾರಿತು: ಸತ್ತವರು 12 ವರ್ಷ ಮೀರಿದವರಾಗಿದ್ದರೆ ಕುಟುಂಬಕ್ಕೆ 10 ಲಕ್ಷ, ಮಕ್ಕಳಾಗಿದ್ದರೆ 5 ಲಕ್ಷ, ಗಾಯಗೊಂಡವರಿಗೆ 2 ಲಕ್ಷ. 2009ರಲ್ಲಿ ಭಾರತ ಸೇರಿದ ಮಾಂಟ್ರಿಯಲ್ ಒಪ್ಪಂದ ಇಂಥ ಮುಂಗಡದ ಸ್ವರೂಪವನ್ನು ಸ್ಪಷ್ಟಪಡಿಸುತ್ತದೆ. ಅದು ತಕ್ಷಣದ ಅಗತ್ಯಕ್ಕೆ ಕೊಡುವ ಹಣ, ತಪ್ಪೊಪ್ಪಿಗೆಯಲ್ಲ, ಕೊನೆಯ ಮೊತ್ತದಲ್ಲಿ ಕಳೆಯಬಹುದಾದದ್ದು. ಅಂತಿಮ ಮೊತ್ತದ ಜಗಳ ಹತ್ತು ವರ್ಷ ನಡೆಯಿತು. ಒಂದು ಕುಟುಂಬಕ್ಕೆ 7.64 ಕೋಟಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2020ರಲ್ಲಿ. ಆ ಕುಟುಂಬಗಳ ದುಃಖದೊಡನೆ ಲಾಯಿಲದವನ ದುಃಖವನ್ನು ತೂಗಿನೋಡುವ ದುರ್ಬುದ್ಧಿ ನನಗಿಲ್ಲ. ಮುಂಗಡ ಕೊಟ್ಟರೆ ಲೋಕ ಮುಳುಗುವುದಿಲ್ಲವೆಂಬುದು ಆಕಾಶದಲ್ಲಿ ತಿಳಿದಿದ್ದರೆ ನೆಲದ ಮೇಲೆ ಏಕೆ ತಿಳಿಯದು ಎಂಬುದಷ್ಟೇ ನನ್ನ ಪ್ರಶ್ನೆ.

ವಿಮೆಯವರ ಆಕ್ಷೇಪವನ್ನು ನಾನು ಬಲ್ಲೆ. ಸುಳ್ಳು ಅರ್ಜಿಗಳುಂಟು, ಕೊಟ್ಟ ಹಣ ಮರಳುವುದಿಲ್ಲ ಎನ್ನುತ್ತಾರೆ. ಸುಳ್ಳು ಅರ್ಜಿಗಳಿರುವುದು ನಿಜವೇ, ಅದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ. ಆದರೆ ವಾಹನ, ವಿಮೆ, ಗಾಯ ಇವು ಮೂರೂ ಪೋಲೀಸರ ವರದಿಯಲ್ಲೇ ನಿಂತಿರುವಾಗ ಮೊದಲ ಕಂತಿಗೆ ಅಷ್ಟು ಸಂಶಯವೇಕೆ? ಕೂಲಿಕಾರರ ಪರಿಹಾರದ 1923ರ ಕಾಯಿದೆಗೆ 1959ರಲ್ಲೇ ಒಂದು ಕಲಮು ಸೇರಿತ್ತು: ಪೂರ್ತಿ ಹೊಣೆಯನ್ನು ಒಪ್ಪದ ಧಣಿಯೂ ತಾನು ಒಪ್ಪುವಷ್ಟನ್ನು ತತ್ಕಾಲಕ್ಕೆ ಸಲ್ಲಿಸಬೇಕು, ಅದರಿಂದ ಕೂಲಿಕಾರನ ಉಳಿದ ಹಕ್ಕಿಗೆ ಕುಂದಿಲ್ಲ. 2025ರ ನವೆಂಬರಿನಲ್ಲಿ ಆ ಕಾಯಿದೆಯ ಸ್ಥಾನಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ತಾತ್ಕಾಲಿಕವಾಗಿ ಕೆಲಸಕ್ಕೆ ಬಾರದವನಿಗೆ 15 ದಿನಕ್ಕೊಮ್ಮೆ ಪಾವತಿ ಎಂಬ ಪದ್ಧತಿಯೂ ಆ ಹಳೆಯ ಕಾಯಿದೆಯದೇ. ನನಗೆ ಕೇಳಿದರೆ ರಸ್ತೆಯ ಗಾಯಾಳುವಿಗೂ ಹೀಗೆಯೇ ಆಗಬೇಕು: ಇಡಿಗಂಟಾಗಿ ಅಲ್ಲ, ತೀರ್ಪಿನವರೆಗೆ ತಿಂಗಳು ತಿಂಗಳು. ಇಡಿಗಂಟು ಸಾಲಗಾರರ ಪಾಲಾಗುತ್ತದೆ. ತಿಂಗಳ ಹಣ ಅಕ್ಕಿಯಾಗುತ್ತದೆ.

ನನ್ನ ನೆರೆಯವ ಈಗ ಮರ ಹತ್ತುವುದಿಲ್ಲ. ಬೇರೆಯವರ ಅಂಗಳದಲ್ಲಿ ಕಾಲು ನೀಡಿ ಕುಳಿತು ಅಡಕೆ ಸುಲಿಯುತ್ತಾನೆ. ರಾಜಿಯಲ್ಲಿ ಬಂದ ಹಣದಿಂದ ಸರವನ್ನು ಬಿಡಿಸಿಕೊಂಡರು. ಬಳೆ ಇನ್ನೂ ಅಡವಿನಲ್ಲಿದೆ.