ಶಪಿಸುವ ಮುನ್ನ ಆಡಿ ನೋಡೋಣ

'ಈ ವಿಡಿಯೋ ಗೇಮ್‌ಗಳು ನಮ್ಮ ಮಕ್ಕಳನ್ನು ಹಾಳುಗೆಡವಿದವು' ಎಂಬ ಮಾತು ಇಂದು ಕುಟುಂಬಗಳಲ್ಲಿಯೂ ಧರ್ಮಕೇಂದ್ರದ ಸಭೆಗಳಲ್ಲಿಯೂ ಪದೇ ಪದೇ ಕೇಳಿಬರುತ್ತದೆ. ಆದರೆ ಹೀಗೆ ಹೇಳುವ ಹಿರಿಯರಲ್ಲಿ ಎಷ್ಟು ಮಂದಿ ಒಂದು ಆಟವನ್ನಾದರೂ ಆಡಿ ನೋಡಿದ್ದಾರೆ? ಓದದ ಪುಸ್ತಕದ ಬಗ್ಗೆ ತೀರ್ಪು ಕೊಡುವವರ ಮಾತಿಗೆ ನಾವು ಬೆಲೆ ಕೊಡುವುದಿಲ್ಲ. ಈ ವಿಷಯದಲ್ಲಿ ಮಾತ್ರ ಆಡದೇ ಇರುವುದೇ ತೀರ್ಪು ನೀಡುವ ಅರ್ಹತೆಯಾಗಿಬಿಟ್ಟಿದೆ. ನಾನು ಆಡಿದ್ದೇನೆ. ಆಡಿದವುಗಳಲ್ಲಿ ಮೂರನ್ನು ಮುಂದಿಟ್ಟು ಹೇಳುತ್ತೇನೆ: ಹೆದರಬೇಕಾದುದನ್ನು ಬಿಟ್ಟು ಬೇರೆ ಯಾವುದಕ್ಕೋ ನಾವು ಹೆದರುತ್ತಿದ್ದೇವೆ.

ಮೊದಲನೆಯದು 2012ರಲ್ಲಿ ಬಂದ 'ಕ್ಯಾಂಡಿ ಕ್ರಶ್ ಸಾಗಾ'. ಇದರಲ್ಲಿ ರಕ್ತವಿಲ್ಲ, ಬಂದೂಕಿಲ್ಲ. ಬಣ್ಣಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸಿದರಾಯಿತು. ಅಜ್ಜಿಯ ಮೊಬೈಲಿನಲ್ಲಿಯೂ ಇದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಅದರ ಒಳಗಿನ ಲೆಕ್ಕಾಚಾರವನ್ನು ಗಮನಿಸಿ. ಆಡುವವನಿಗೆ ಐದು 'ಜೀವ'ಗಳು. ಸೋತಾಗಲೆಲ್ಲ ಒಂದು ಜೀವ ಕಳೆಯುತ್ತದೆ. ಅದು ಮರಳಿ ತುಂಬಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ಗೆಳೆಯರನ್ನು ಬೇಡಬೇಕು, ಇಲ್ಲವೇ ಹಣ ತೆರಬೇಕು. ಗೆಲುವು ಕೈಗೆಟಕುವಷ್ಟು ಹತ್ತಿರವಿದ್ದಾಗ ಸೋತರೆ, 'ಇನ್ನೂ ಐದು ನಡೆಗಳನ್ನು ಕೊಳ್ಳುವಿರಾ?' ಎಂದು ಅದು ಕೇಳುತ್ತದೆ. ಸಾವಿರಾರು ಹಂತಗಳನ್ನು ದಾಟಿದರೂ ಹೊಸ ಹಂತಗಳು ಸೇರುತ್ತಲೇ ಇರುತ್ತವೆ. ಅಂತ್ಯವೇ ಇಲ್ಲದ ಈ ಆಟದಲ್ಲಿ ಮನುಷ್ಯನ ದೌರ್ಬಲ್ಯದ ಕ್ಷಣವೇ ವ್ಯಾಪಾರದ ಕ್ಷಣ.

ಎರಡನೆಯದು 2014ರಲ್ಲಿ ಪೋಲೆಂಡಿನಲ್ಲಿ ರೂಪುಗೊಂಡ 'ದಿಸ್ ವಾರ್ ಆಫ್ ಮೈನ್'. ಹೆಸರಿನಲ್ಲಿಯೇ ಯುದ್ಧವಿದೆ, ಬೆಚ್ಚಿಬೀಳಲು ಅಷ್ಟು ಸಾಕು! ಆದರೆ ಇಲ್ಲಿ ನಾವು ಸೈನಿಕರಲ್ಲ. 1992ರಿಂದ 1996ರವರೆಗೆ ನಡೆದ ಸರಾಯೆವೊ ಮುತ್ತಿಗೆಯಿಂದ ಪ್ರೇರಣೆ ಪಡೆದ ಈ ಆಟದಲ್ಲಿ, ಮುತ್ತಿಗೆಗೆ ಒಳಗಾದ ನಗರದ ಪಾಳುಮನೆಯೊಂದರಲ್ಲಿ ಹಸಿದು ಕುಳಿತ ಸಾಮಾನ್ಯ ಜನರನ್ನು ನಾವು ಉಳಿಸಿಕೊಳ್ಳಬೇಕು. ರಾತ್ರಿ ಅನ್ನ, ಔಷಧ ಹುಡುಕುತ್ತಾ ಹೊರಟವನು ವೃದ್ಧ ದಂಪತಿಯ ಮನೆಯನ್ನು ತಲಪಬಹುದು. ಅವರಲ್ಲಿರುವುದನ್ನು ಕದ್ದರೆ ತಡೆಯುವವರಿಲ್ಲ. ಆದರೆ ಕದ್ದು ತಂದ ಬಳಿಕ ಮನೆಯವರ ಮನಸ್ಸು ಕುಗ್ಗಿಹೋಗುತ್ತದೆ. ಕಳ್ಳತನಕ್ಕೆ ಇಂಥ ಬೆಲೆಯಿದೆಯೆಂದು ತೋರಿಸುವ ಪಾಠ ಎಷ್ಟು ಪುಸ್ತಕಗಳಲ್ಲಿದೆ? ವಯಸ್ಕರಿಗಾಗಿ ರಚಿತವಾದ ಈ ಆಟವನ್ನು ವಿದ್ಯಾರ್ಥಿಗಳಿಗೆ ಶಿಫಾರಸು ಮಾಡುವ ಪಟ್ಟಿಗೆ ಸೇರಿಸುವುದಾಗಿ ಪೋಲೆಂಡ್ ಸರ್ಕಾರ 2020ರಲ್ಲಿ ಪ್ರಕಟಿಸಿತು.

ಮೂರನೆಯದು 2016ರ 'ದಟ್ ಡ್ರ್ಯಾಗನ್, ಕ್ಯಾನ್ಸರ್'. ಅಮೆರಿಕದ ಕ್ರೈಸ್ತ ದಂಪತಿ ರಾಯನ್ ಮತ್ತು ಏಮಿ ಗ್ರೀನ್, ಕ್ಯಾನ್ಸರಿನಿಂದ ಐದನೆಯ ವಯಸ್ಸಿನಲ್ಲಿಯೇ ತೀರಿಕೊಂಡ ತಮ್ಮ ಮಗ ಜೋಯೆಲ್‌ನ ನೆನಪನ್ನು ಸಂಗಡಿಗರೊಂದಿಗೆ ಆಟವಾಗಿ ರೂಪಿಸಿದರು. ಆಸ್ಪತ್ರೆಯ ಕೋಣೆಯಲ್ಲಿ ಮಗು ಅಳುತ್ತದೆ. ನಾವು ಏನು ಮಾಡಿದರೂ ಅಳು ನಿಲ್ಲದು. ಕೊನೆಗೆ ತಂದೆಗೆ ಉಳಿಯುವುದು ಪ್ರಾರ್ಥನೆಯೊಂದೇ. ಗೆಲ್ಲಲಾಗದ ಈ ಆಟ ಎರಡು ಗಂಟೆಗಳಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಮೌನವಾಗಿ ಕುಳಿತಿರುವಂತೆ ಮಾಡುತ್ತದೆ.

ಗೀಳಿನ ಮಾತೇನು ಎಂದು ಕೇಳಬಹುದು. ಅದು ನಿಜವಾದ ವ್ಯಾಧಿಯೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೂ ಚಿಕಿತ್ಸೆ ನೀಡುವ ಚಿಕಿತ್ಸಾಲಯವಿದೆ. ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಅದು ಸ್ವಾಗತಾರ್ಹ. ಆದರೆ ಗೆಲುವಿನ ಹಣದ ಆಸೆಯನ್ನೇ ತೋರಿಸದೆ, ಚೂರುಚೂರಾಗಿ ಸಮಯವನ್ನೂ ಕಾಸನ್ನೂ ಕೀಳುವ ಆಟಗಳನ್ನು ಗುರುತಿಸಬೇಕಾದವರು ಮನೆಯವರೇ. ಎಲ್ಲವನ್ನೂ ಒಂದೇ ಕೋಲಿನಿಂದ ಹೊಡೆಯುವವರಿಗೆ ಈ ವಿವೇಚನೆ ಎಲ್ಲಿಂದ ಬರಬೇಕು? ಒಳ್ಳೆಯ ಆಟವನ್ನೂ ಕೆಟ್ಟದ್ದೆಂದು ಜರೆಯುವ ತಂದೆಯನ್ನು ಮಗ ಮೊದಲ ದಿನವೇ ಅಳೆದುಬಿಡುತ್ತಾನೆ. ನಿಜವಾಗಿ ಕೆಟ್ಟದ್ದು ಎದುರಾದಾಗ ಆ ತಂದೆಯ ಎಚ್ಚರಿಕೆಗೆ ಅವನು ಕಿವಿಗೊಡನು. ನಾವು ಕಳೆದುಕೊಳ್ಳುತ್ತಿರುವುದು ಇದನ್ನೇ.

ಆದ್ದರಿಂದ ಪ್ರಿಯ ಪೋಷಕರೇ, ತೆರೆಯ ಮೇಲೆ ಬಂದೂಕಿದೆಯೇ ಎಂದಷ್ಟೇ ನೋಡಬೇಡಿ. ಈ ಆಟಕ್ಕೆ ಕೊನೆಯಿದೆಯೇ? ಸೋತ ಕ್ಷಣದಲ್ಲಿ ಅದು ಹಣಕ್ಕೆ ಕೈಚಾಚುತ್ತದೆಯೇ? ಆಡಿ ಎದ್ದವನಿಗೆ ಇನ್ನೊಬ್ಬರ ನೋವು ತುಸುವಾದರೂ ಅರ್ಥವಾಗಿದೆಯೇ? ಈ ಮೂರನ್ನು ಕೇಳಿ. ಉತ್ತರ ತಿಳಿಯಲು ಉಪದೇಶ ಸಾಲದು. ಒಂದು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು ಆಡಲೇಬೇಕು.